ಕಾರಣ: ಇತರೆ

ಕರಗಂದಾದಲ್ಲಿ ಬೆಳಗಿನ ಆರೂವರೆ,
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಬ್ಯಾಟರಿಗಳನ್ನು ಕೋಟಿನೊಳಗೆ ಎದೆಗವಚಿಕೊಂಡು ನಿಂತಿದ್ದೇನೆ
ಕಾವಿಗೆ ಕೂತ ಕೋಳಿಯ ಹಾಗೆ.
ಸೂರ್ಯ ಹುಟ್ಟುವ ಮುಂಚೆಯೇ ಹಾರಿಸಬೇಕು.
ಬಿಸಿಲು ಬಿತ್ತೆಂದರೆ ಗೋಡೆಗಳೆಲ್ಲ ಸುಳ್ಳು ಹೇಳತೊಡಗುತ್ತವೆ,
ನೆಲದ ಶಾಖ ಯಾವುದು, ಸಾಲ ತಂದ ಶಾಖ ಯಾವುದು
ಕ್ಯಾಮೆರಾಗೆ ತಿಳಿಯುವುದಿಲ್ಲ.

ನಿನ್ನೆ ಇಡೀ ದಿನ ಯೆರ್ಕೆಬುಲಾನ್ ರೇಡಾರ್ ಗಾಡಿ ತಳ್ಳಿದ,
ಅರ್ಧಂಬರ್ಧ ಹಿಮ ಗುಡಿಸಿದ ಅಂಗಳದಲ್ಲಿ
ಕೂಸಿಲ್ಲದ ತಳ್ಳುಗಾಡಿ, ಹಿಂದೆ, ಮುಂದೆ.
ಮೂರನೇ ಮಹಡಿಯ ಕಿಟಕಿ ತೆರೆದು ಒಬ್ಬಾಕೆ ಕೇಳಿದರು:
ಚಿನ್ನ ಹುಡುಕ್ತಿದ್ದೀಯೇನೋ?
ಇಲ್ಲಜ್ಜಿ, ನಿಮ್ಮ ಸ್ನಾನದ ನೀರು.
ಸಿಕ್ಕಲ್ಲೆಲ್ಲ ಬಣ್ಣ ಸಿಂಪಡಿಸಿದ:
ನೀರಿಗೆ ನೀಲಿ, ಕರೆಂಟಿಗೆ ಕೆಂಪು, ಟೆಲಿಫೋನಿಗೆ ಕಿತ್ತಳೆ,
ಯಾರದೆಂದು ಯಾರೂ ಒಪ್ಪಿಕೊಳ್ಳದ ಒಂದಕ್ಕೆ ಗುಲಾಬಿ.

ಈಗ ಏರುತ್ತದೆ.
ಕಿವಿಯ ಬಳಿ ಇದ್ದಾಗ ಕಣಜ,
ನಲವತ್ತು ಮೀಟರಿಗೆ ಹೋದಾಗ ಬರೀ ಒಂದು ಅನುಮಾನ.
ಪರದೆಯ ಮೇಲೆ ಊರು ಇದ್ದಿಲಿನಷ್ಟು ಕಪ್ಪು,
ಅದರ ನಡುವೆ ದರ್ಜಿಯ ಸೀಮೆಸುಣ್ಣದ ಗೆರೆ:
ಬಾಯ್ಲರ್ ಮನೆಯಿಂದ ಹೊರಟು ಮನೆಮನೆಗೂ ಹೋಗುವ ಬಿಸಿನೀರು.
ಗೆರೆಯ ಮೇಲೆ ಅಲ್ಲಲ್ಲಿ ಬಿಳಿಯ ಚುಕ್ಕಿ.
ಸೋರಿಕೆಯೇ? ಅಲ್ಲ, ಬೆಕ್ಕುಗಳು.
ಅವಕ್ಕೆ ಈ ನಕ್ಷೆ ಮೊದಲೇ ಬಾಯಿಪಾಠ.

ಸಾವಿರದ ಒಂಬೈನೂರ ಅರವತ್ತಮೂರರ ನೀಲಿ ಹಾಳೆಯಲ್ಲಿ
ಕೊಳವೆ ಮೂಗಿನ ನೇರಕ್ಕೆ ಹೋಗುತ್ತದೆ.
ಪರದೆಯಲ್ಲಿ ಹಾಗಿಲ್ಲ.
ಏಳನೇ ಮನೆಯ ಹಿಂದೆ ತಟಕ್ಕನೆ ಎಡಕ್ಕೆ ವಾಲಿ
ಆರು ಮೀಟರು ಬಳಸಿಕೊಂಡು ಬಂದು
ಏನೂ ಆಗಿಲ್ಲವೆಂಬಂತೆ ಮತ್ತೆ ನೇರ.
ಸೋಮವಾರ ಜೆಸಿಬಿ ಬರುತ್ತದೆ.
ಅದು ಹಾಳೆಯನ್ನು ನಂಬಿದರೆ
ಎಂಬತ್ತು ಮನೆಗಳಲ್ಲಿ ಮಕ್ಕಳು ಟೋಪಿ ಹಾಕಿಕೊಂಡೇ ಮಲಗಬೇಕು.

ಎರ್ವಿನ್ ಕಾರ್ಲೋವಿಚ್‌ರನ್ನು ಕರೆಸಿದೆವು.
ಎಂಬತ್ತೊಂದು ವರ್ಷ, ಕೈಯಲ್ಲಿ ಸ್ಕೀ ಕೋಲು,
ಆ ಚರಂಡಿ ತೋಡಿದವರಲ್ಲಿ ಉಳಿದಿರುವ ಒಬ್ಬರೇ.
ಪರದೆಗೆ ಮೂಗು ತಾಗಿಸಿ ನೋಡಿದರು,
ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಇಲ್ಲಿ ಮೆಲಾನ್ಯಾಳ ಆಲೂಗಡ್ಡೆ ಗುಳಿಯಿತ್ತು.
ನಾವು ಗುದ್ದಲಿ ಎತ್ತಿದಾಗ
ಅಡುಗೆಮನೆಯಿಂದ ಸ್ಟೂಲು ತಂದು ಅದರ ಮೇಲೆ ಹಾಕಿ ಕೂತಳು.
ಮೇಸ್ತ್ರಿ ಗದರಿದ, ಪಾರ್ಟಿಯವನು ಬಂದು ಭಾಷಣ ಮಾಡಿದ,
ಜಪ್ಪಯ್ಯ ಅಂದರೂ ಏಳಲಿಲ್ಲ.
ಕಾಲುಚೀಲ ಹೆಣೆಯುತ್ತಲೇ ಇದ್ದಳು.
ಎರಡನೇ ಜೊತೆ ಮುಗಿಯುವಷ್ಟರಲ್ಲಿ
ಮೇಸ್ತ್ರಿಯೇ ಬಾಗಿದ, ಆಮೇಲೆ ಕೊಳವೆ.
ಹಾಳೆ ತಿದ್ದೋದು ಯಾರು? ತಿದ್ದಿದರೆ ಯಾಕೆ ಅಂತ ಬರೀಬೇಕಲ್ಲ."

ಆಮೇಲೆ?

"ಆಮೇಲೇನು. ಪಕ್ಕದಲ್ಲೇ ಬಿಸಿನೀರು.
ಪ್ರತಿ ಫೆಬ್ರವರಿ ಅವಳ ಆಲೂಗಡ್ಡೆಯೆಲ್ಲ ಮೊಳಕೆ.
ಹನ್ನೊಂದು ವರ್ಷ ನಮಗೆ ಬೈದಳು,
ಸ್ವಲ್ಪ ದೂರ ಬಳಸೋಕೆ ಏನು ದಾಡಿಯಾಗಿತ್ತು ಅಂತ."

ಗುಳಿ ಈಗಿಲ್ಲ. ಅಲ್ಲಿ ಕಾರು ನಿಲ್ಲಿಸುತ್ತಾರೆ.
ಯೆರ್ಕೆಬುಲಾನ್ ಬಾಗಿದ ಗೆರೆಯುದ್ದಕ್ಕೂ ಹಸಿರು ಹೊಡೆದ,
ಕೈ ನಡುಗಿ ಒಂದೆಡೆ ಗೆರೆ ಎರಡಾಯಿತು.
ಕಪ್ಪು ಬಿಳುಪು ಚೌಕಳಿ ಹಲಗೆಗಳನ್ನು ಮೂಲೆಗಿಟ್ಟು
ಹಗಲು ಬೆಳಕಿನ ಚಿತ್ರಕ್ಕೆಂದು ಮತ್ತೆ ಹಾರಿಸಿದೆ.
ಮುದುಕ ಮಾತ್ರ ಆ ಬಳಸಿನೊಳಗೇ ಕೋಲೂರಿ ನಿಂತಿದ್ದರು,
ಹಿಮಕ್ಕೆ ಏನೋ ಹೇಳುತ್ತ, ಜರ್ಮನ್ನಿನಲ್ಲಿ.
ನಕ್ಷೆಯಲ್ಲಿ ಮನುಷ್ಯರು ಇರಬಾರದು, ನಿಯಮ.
ಸ್ವಲ್ಪ ಸರಿಯಿರಿ ಎಂದು ಕೂಗಿದೆ, ಕೇಳಿಸಲಿಲ್ಲ,
ಅಥವಾ ಕೇಳಿಸಿತು.
ಬ್ಯಾಟರಿ ಹದಿನೆಂಟಕ್ಕಿಳಿದು ಚೀರತೊಡಗಿತು. ಇಳಿಸಿಬಿಟ್ಟೆ.

ಸಂಜೆ ಫಾರಂ ತುಂಬಿದೆ.
ಆಳ: ಒಂದು ಮೀಟರು ನಲವತ್ತು.
ದಿಕ್ಕು ಬದಲಾದ ಕಾರಣ:
ಬಂಡೆ, ಅಂತರ್ಜಲ, ಹಳೆಯ ಅಡಿಪಾಯ, ಇತರೆ.
ಇತರೆ ಒತ್ತಿದೆ. ಇಪ್ಪತ್ತೇ ಅಕ್ಷರದ ಕಿಂಡಿ ತೆರೆಯಿತು.
ಆಲೂಗಡ್ಡೆ, ಎಂದು ಬರೆದೆ.

ಬೆಳಿಗ್ಗೆ ಅಸ್ತಾನಾದ ಆಫೀಸಿನಿಂದ ಫೋನು:
ಝನ್ಸಾಯಾ, ನಕ್ಷೆ ಚೆನ್ನಾಗಿ ಬಂದಿದೆ.
ಒಂದೇ ಒಂದು ಪ್ರಶ್ನೆ,
ಆಲೂಗಡ್ಡೆ ಅಂದರೆ ಯಾವ ಬಗೆಯ ಕೇಬಲ್ಲು?